ವಿಚಾರಣೆಯ ಕುರ್ಚಿಯಿಂದ ಎದ್ದು ಬಂದದ್ದು

ಭಾನುವಾರ, ನವೆಂಬರ್ ೧೬

ನನ್ನ ಕಡಲಗುಬ್ಬಿಗೆ,

ಹೇಗಿದ್ದೀಯ ಕಂದಾ? ನೀನು ಕಳಿಸಿದ ಪತ್ರಗಳೆಲ್ಲ ಬಂದು ತಲುಪಿವೆ. ಒಂದಕ್ಕೂ ಉತ್ತರ ಬರೆಯದೆ ಕೂತ ಅಮ್ಮನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ನಡುಗಡಲಲ್ಲಿ ಹಡಗಿನ ಹೊಟ್ಟೆಯೊಳಗೆ ಕೂತು, ನೀರಿನ ತಳ ಎಷ್ಟು ಆಳದಲ್ಲಿದೆ ಎಂದು ಅಳೆಯುವ ಹುಡುಗಿಗೆ ಮನೆಯಿಂದ ನಾಲ್ಕು ಸಾಲು ಬರುವುದು ಎಷ್ಟು ಮುಖ್ಯ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಇವತ್ತು ನಿಮ್ಮಪ್ಪ ಕನ್ನಡಕದ ಕಡ್ಡಿ ಹಾಕಿಸಲು ಹೊರಗೆ ಹೋಗಿದ್ದಾರೆ. ಮನೆ ಖಾಲಿ. ಈಗಲೂ ಬರೆಯದಿದ್ದರೆ ನಾನು ಇನ್ನು ಬರೆಯುವವಳಲ್ಲ.

ನಿನ್ನ ಪತ್ರಗಳನ್ನೆಲ್ಲ ನಿಮ್ಮಪ್ಪನೇ ನನಗೆ ಓದಿ ಹೇಳಿದರು. ನನ್ನ ಕಂಪ್ಯೂಟರೂ ಓದುತ್ತದೆ, ಆದರೆ ಅದು ಓದಿದರೆ ನಿನ್ನ ಪತ್ರ ರೈಲು ತಡವಾಗಿದೆ ಎನ್ನುವ ಪ್ರಕಟಣೆಯ ಹಾಗೆ ಕೇಳುತ್ತದೆ. ನಿಮ್ಮಪ್ಪ ಓದಿದರೆ ನೀನು ನಕ್ಕ ಕಡೆ ನಗುತ್ತಾರೆ, ಹಡಗಿನ ಅಡುಗೆಯವನನ್ನು ನೀನು ಬೈದ ಕಡೆ ನಿನ್ನದೇ ಮೂಗುದನಿ ತೆಗೆಯುತ್ತಾರೆ. ಆ ಮಹಾರಾಯ ಈಗಲೂ ಎಲ್ಲ ಅಡುಗೆಗೂ ಒಂದೇ ರುಚಿ ಬರಿಸುತ್ತಾನೆಯೇ? ನೆಗಡಿ ವಾಸಿಯಾಯಿತೆ? ತಲೆ ಒರೆಸಿಕೊಳ್ಳದೆ ಡೆಕ್ಕಿಗೆ ಹೋಗಬೇಡ ಎಂದು ನಾನು ಇಲ್ಲಿ ಕೂತು ಹೇಳುವುದು, ನೀನು ಅಲ್ಲಿ ಕೂತು ಕೇಳದಿರುವುದು ನಡೆದೇ ಇದೆ.

ಇನ್ನು ಇಲ್ಲಿಯ ಸುದ್ದಿ. ನಿಮ್ಮಪ್ಪನ ಮಂಡಿನೋವು ಇದ್ದಲ್ಲೇ ಇದೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಕೆಳಗಿನ ಮನೆಯವರು ಖಾಲಿ ಮಾಡಿ ಹೋದರು. ನಿನ್ನ ಅಣ್ಣ ಹೋಗಿಬಿಟ್ಟ.

ಗಾಬರಿಯಾಗಬೇಡ. ಒಬ್ಬಳೇ ಮಗಳಾ ಎಂದು ಯಾರಾದರೂ ಕನಿಕರಪಟ್ಟರೆ, "ನಂಗೆ ಅಣ್ಣ ಇದಾನೆ, ಆಸ್ಪತ್ರೆ ನೆಲಮಾಳಿಗೇಲಿ" ಎನ್ನುತ್ತಿದ್ದೆಯಲ್ಲ, ಆ ಅಣ್ಣ. ನೀನು ಹುಟ್ಟುವ ಮೊದಲೇ ನಿಮ್ಮಪ್ಪ ನಿಲ್ಲಿಸಿದ ಸರ್ವರ್. ಊಟಕ್ಕೆ ಕೂತವರು ಅದು ಕೆಟ್ಟಿತೆಂದು ಫೋನ್ ಬಂದ ಕೂಡಲೇ ಎದ್ದು ಓಡುತ್ತಿದ್ದರು. "ಅವನಿಗೆ ಜ್ವರ ಬಂದ್ರೆ ಓಡ್ತೀರಿ, ನನಗೆ ಬಂದ್ರೆ ಅಮ್ಮನ್ನ ಕರೀತೀರಿ" ಎಂದು ನೀನು ತಟ್ಟೆ ತಳ್ಳಿ ರಂಪ ಮಾಡಿದ್ದು ನೆನಪಿದೆಯೆ? ಅದರ ಪೆಟ್ಟಿಗೆ, ಡಿಸ್ಕು, ಫ್ಯಾನು ಎಲ್ಲ ಎಷ್ಟೋ ಸಲ ಹೊಸದಾದವು. ಒಳಗಿನ ಆಪರೇಟಿಂಗ್ ಸಿಸ್ಟಂ ಮಾತ್ರ ಅದೇ ಹಳೆಯದು. ಏಕೆಂದರೆ ಒಳರೋಗಿಗಳ ಪಟ್ಟಿಯ ಪ್ರೋಗ್ರಾಮು ಅದರ ಮೇಲೆ ಬಿಟ್ಟರೆ ಬೇರೆಲ್ಲೂ ಓಡುತ್ತಿರಲಿಲ್ಲ. ಪ್ರೋಗ್ರಾಮು ಬರೆದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಆಪರೇಟಿಂಗ್ ಸಿಸ್ಟಂ ಮಾಡಿದವರು, ಇನ್ನು ಇದರಲ್ಲಿ ಕಳ್ಳಗಿಂಡಿ ಕಂಡುಬಂದರೆ ನಾವು ಮುಚ್ಚುವುದಿಲ್ಲ ಎಂದು ಕೈತೊಳೆದುಕೊಂಡು ಎಷ್ಟೋ ಕಾಲವಾಗಿತ್ತು. ಅಷ್ಟು ವರ್ಷ ಅದನ್ನು ಹೊರಗಿನ ಗಾಳಿ ಸೋಕದ ಹಾಗೆ ಕಾಪಾಡಿದ್ದು ನಿಮ್ಮಪ್ಪ.

ಆ ಹಳೆಯ ಪ್ರೋಗ್ರಾಮಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ನೋಡಿದವರೆಲ್ಲ ಮೂಗು ಮುರಿಯುತ್ತಿದ್ದರು. ಹುಟ್ಟಿದಾಗಿನಿಂದ ಬೆಳಕೇ ಕಾಣದ ನನ್ನಂಥವಳಿಗೆ ಬಣ್ಣ ಕಟ್ಟಿಕೊಂಡು ಏನಾಗಬೇಕು? ಆಸ್ಪತ್ರೆಯ ವಿಚಾರಣೆ ವಿಭಾಗದ ನನ್ನ ಕಂಪ್ಯೂಟರಿನಲ್ಲಿ ಓದುವ ದನಿ ಇತ್ತು, ಪರದೆಗೆ ಅಕ್ಷರ ಬಂದರೆ ಸಾಕು, ಅದು ನನ್ನ ಎಡಗಿವಿಗೆ ಬಂದು ಬೀಳುತ್ತಿತ್ತು. ಬಲಗಿವಿಯಲ್ಲಿ ಫೋನು. ಒಂದು ಕಿವಿಯಲ್ಲಿ ಕೇಳುವವರು, ಇನ್ನೊಂದರಲ್ಲಿ ಉತ್ತರ, ನಡುವೆ ನಾನು. ರೋಗಿಯ ಹೆಸರನ್ನು ಅವರು ಎರಡನೆಯ ಸಲ ಹೇಳುವ ಹೊತ್ತಿಗೆ ವಾರ್ಡು, ಮಂಚ, ನೋಡಲು ಬರುವ ಸಮಯ ಎಲ್ಲ ನನ್ನ ಬಾಯಲ್ಲಿರುತ್ತಿತ್ತು. "ಇಷ್ಟು ಬೇಗ ಹೇಗೆ ನೋಡಿದ್ರಿ ಮೇಡಂ?" ಎಂದು ಯಾರಾದರೂ ಕೇಳಿದರೆ "ಕಣ್ಣು ಚುರುಕು" ಎನ್ನುತ್ತಿದ್ದೆ. ಪಕ್ಕದ ಕುರ್ಚಿಯ ಗಿರಗಿಟ್ಲೆ ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ನಗುತ್ತಿದ್ದಳು. ಒಂದು ಕ್ಷಣ ಸುಮ್ಮನೆ ಕೂರದ ಹುಡುಗಿ, ಅದಕ್ಕೇ ಆ ಹೆಸರು. ಕೆಲಸ ಕಲಿಸಿದ್ದು ನಾನೇ, ಮೆತ್ತಗೆ ಮಾತಾಡುವುದನ್ನು ಮಾತ್ರ ಕಲಿಸಲಾಗಲಿಲ್ಲ.

ಎಲ್ಲ ಕರೆಗಳೂ ನಗುವಂಥವಲ್ಲ. ಕೆಲವು ಹೆಸರುಗಳ ಸಾಲಿನ ಕೊನೆಯಲ್ಲಿ ಒಂದೇ ಒಂದು ಅಕ್ಷರ ಬರುತ್ತಿತ್ತು. ಅದು ಕಿವಿಗೆ ಬಿದ್ದರೆ ರೋಗಿ ತೀರಿಹೋಗಿದ್ದಾರೆ ಎಂದು ಅರ್ಥ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು ಎನ್ನುವುದು ಆಸ್ಪತ್ರೆಯ ಕಟ್ಟುನಿಟ್ಟು. ಆಗ ನಾನು ದನಿ ಬದಲಾಗದ ಹಾಗೆ, "ಮನೇಲಿ ನಿಮ್ಮ ಜೊತೆ ಯಾರಿದಾರೆ?" ಎಂದು ಕೇಳುತ್ತಿದ್ದೆ. "ಅವ್ರನ್ನೂ ಕರ್ಕೊಂಡು ಬನ್ನಿ, ವಾರ್ಡಿನ ಸಿಸ್ಟರ್ ನಿಮ್ಮ ಜೊತೆ ಮಾತಾಡ್ಬೇಕಂತೆ" ಎನ್ನುತ್ತಿದ್ದೆ. ಆಮೇಲೆ ವಾರ್ಡಿಗೆ ಫೋನ್ ಮಾಡಿ, ಇಂಥವರು ಹೊರಟಿದ್ದಾರೆ, ಬಾಗಿಲಲ್ಲೇ ಎದುರುಗೊಳ್ಳಿ ಎಂದು ಹೇಳಿಡುತ್ತಿದ್ದೆ. "ನೀನು ಸುಳ್ಳು ಹೇಳ್ತೀಯಾ ಅಮ್ಮಾ?" ಎಂದು ನೀನೊಮ್ಮೆ ಕೇಳಿದ್ದೆ. ಸುಳ್ಳಲ್ಲ ಕಂದಾ. ಆ ಸುದ್ದಿಯನ್ನು ಹೇಳುವಾಗ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕೈ ಇರಲಿ ಎಂದು, ಅಷ್ಟೇ. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಇದ್ದದ್ದು ಬೇಗ ಹುಡುಕುವುದರಲ್ಲಿ ಅಲ್ಲ, ಇದರಲ್ಲಿ.

ಬೇಸಿಗೆ ಮುಗಿಯುವ ಹೊತ್ತಿಗೆ ಇನ್ನೊಂದು ಊರಿನ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಯಾರೋ ಎಲ್ಲೋ ಕೂತು ಒಳನುಗ್ಗಿದರು. ಅಲ್ಲಿಯೂ ನಮ್ಮಂಥದ್ದೇ ಹಳೆಯ ಸರ್ವರ್ ಇತ್ತಂತೆ. ಒಂದೇ ಬೆಳಗಿನಲ್ಲಿ ಎಲ್ಲ ಪರದೆಗಳಿಗೂ ಬೀಗ. ಯಾರಿಗೆ ಯಾವ ಔಷಧ, ಯಾರಿಗೆ ಯಾವ ರಕ್ತ, ಒಂದೂ ತಿಳಿಯದೆ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಸಿಕ್ಕ ಸಿಕ್ಕ ಕಡೆ ಸಾಗಿಸಿದರು. ನಮ್ಮಲ್ಲಿಗೂ ಬಂದರು. ಆ ವಾರವೆಲ್ಲ ನನಗೆ ಬಂದದ್ದು ಅವರ ಮನೆಯವರ ಕರೆಗಳೇ. "ನಮ್ಮಮ್ಮ ನಿಮ್ಮಲ್ಲಿದಾರಾ?" "ನಮ್ಮ ಮಗು ಎಲ್ಲಿದೆ, ಯಾರಿಗೂ ಗೊತ್ತಿಲ್ಲ ಅಂತಾರೆ." ನಾನು ಪಟ್ಟಿ ಹುಡುಕುತ್ತಿದ್ದೆ, ಇಲ್ಲ ಎನ್ನುತ್ತಿದ್ದೆ. ಆ "ಇಲ್ಲ" ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯಿತು. ಆದ್ದರಿಂದ ಮುಂದೆ ಆದದ್ದಕ್ಕೆ ನಾನು ಯಾರನ್ನೂ ದೂರುವ ಹಾಗಿಲ್ಲ. ಹಳೆಯದನ್ನು ತೆಗೆಯಲೇಬೇಕಿತ್ತು. ಇದನ್ನು ನನ್ನ ಬಾಯಿಂದಲೇ ನೀನು ಕೇಳಬೇಕು.

ಆ ದಿನಗಳಲ್ಲೇ ಒಂದು ಸಂಜೆ ಊಟಕ್ಕೆ ಕೂತಾಗ ನಿಮ್ಮಪ್ಪನ ಚಮಚ ತಟ್ಟೆಯಲ್ಲೇ ಸುತ್ತುತ್ತಿತ್ತು, ಬಾಯಿಗೆ ಹೋಗುತ್ತಿರಲಿಲ್ಲ.

"ಏನ್ರೀ, ಊಟ ಮಾಡ್ತಿದೀರೋ, ತಟ್ಟೆ ಉಜ್ತಿದೀರೋ?"

"ಹಳೇದನ್ನ ತೆಗ್ದು ಹೊಸದಕ್ಕೆ ಹೋಗ್ಬೇಕಂತೆ ಕಣೇ. ಇವತ್ತು ಸೂಪರಿಂಟೆಂಡೆಂಟ್ ಕರೆದು ಹೇಳಿದ್ರು."

"ಹೋಗಿ. ಬಾಗಿಲಿಲ್ಲದ ಮನೆ ಕಾದ ಹಾಗಾಗಿದೆ ಅಂತ ನೀವೇ ಗೊಣಗ್ತಿದ್ರಲ್ಲ."

ಚಮಚದ ಸದ್ದು ನಿಂತಿತು. ಆಮೇಲೆ, "ಹೊಸ ಪ್ರೋಗ್ರಾಮನ್ನ ನಿನ್ನ ಕಂಪ್ಯೂಟರು ಓದುತ್ತೋ ಇಲ್ವೋ ಗೊತ್ತಿಲ್ಲ" ಎಂದರು. ಅವರಿಗೆ ಗೊತ್ತಿತ್ತು, ದನಿಯಲ್ಲೇ ಇತ್ತು. ನಾನು ಇನ್ನೊಂದು ಚಮಚ ಬಡಿಸಿ, "ನೋಡೋಣ ಬಿಡಿ" ಎಂದೆ.

ನಿಮ್ಮಪ್ಪ ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಸಭೆ ನಡೆಯಿತು. ನಮ್ಮ ವಿಚಾರಣೆ ವಿಭಾಗದ ಪರವಾಗಿ ಗಿರಗಿಟ್ಲೆ ಹೋಗಿದ್ದಳು, ಅವಳು ಬಂದು ಎಲ್ಲ ಹೇಳಿದಳು. ಹಳೆಯದನ್ನು ಹೊರಗಿನ ಜಾಲದಿಂದ ಪೂರ್ತಿ ಕಡಿದು, ಹೊಸ ಯಂತ್ರದೊಳಗೇ ಒಂದು ಮುಚ್ಚಿದ ಡಬ್ಬಿಯ ಹಾಗೆ ಇಟ್ಟು, ವಿಚಾರಣೆ ವಿಭಾಗಕ್ಕೆ ಮಾತ್ರ ಬಿಡಬಹುದು ಎಂದು ನಿಮ್ಮಪ್ಪ ಹೇಳಿದರಂತೆ. ಭದ್ರತೆ ಪರೀಕ್ಷೆಗೆ ಬಂದವರು, "ಎರಡು ಪಟ್ಟಿ ಇಟ್ಕೊಂಡ್ರೆ ಒಂದು ಸುಳ್ಳು ಹೇಳುತ್ತೆ. ರೋಗಿ ಇಲ್ಲಿ ವಾರ್ಡ್ ಬದಲಾಯಿಸಿದ್ರೆ ಅಲ್ಲಿಗೆ ಹೇಗೆ ಗೊತ್ತಾಗುತ್ತೆ?" ಎಂದರಂತೆ. ಅದಕ್ಕೂ ದಾರಿ ಮಾಡುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು ಇವರು. ಆಗ ಸೂಪರಿಂಟೆಂಡೆಂಟ್ ಮೆಲ್ಲಗೆ ಕೇಳಿದರಂತೆ: "ಆ ಕುರ್ಚೀಲಿ ಕೂತಿರೋರು ನಿಮ್ಮ ಮನೆಯವರಲ್ದೆ ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಒತ್ತಾಯ ಮಾಡ್ತಿದ್ರಾ?"

"ನಮ್ಮ ಸಾರ್ ನೀರಿನ ಲೋಟ ಎತ್ತಿದ್ರು ಅಕ್ಕಾ" ಎಂದಳು ಗಿರಗಿಟ್ಲೆ. "ಕುಡೀಲಿಲ್ಲ, ಹಾಗೇ ಇಟ್ರು."

ಮನೆಗೆ ಬಂದಮೇಲೆ ನಾನೇ ಕೇಳಿದೆ. "ಬೇರೆಯವ್ರಾಗಿದ್ರೆ ಹೇಳ್ತಿದ್ರಾ ನೀವು?"

"ಇಲ್ಲ" ಎಂದರು. "ಹೇಳ್ಬೇಕು ಅಂತ ಹೊಳೀತಾನೇ ಇರ್ಲಿಲ್ಲ."

ಸುಳ್ಳು ಬಾರದ ಮನುಷ್ಯ ಎಂದೇ ನಾನು ಅವರನ್ನು ಕಟ್ಟಿಕೊಂಡದ್ದು. ಆವತ್ತು ಮಾತ್ರ ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎನ್ನಿಸಿತು.

ಆಮೇಲಿನ ತಿಂಗಳುಗಳೆಲ್ಲ ಅದೇ ಕೆಲಸ. ಹಳೆಯದರ ಮೇಲೆ ಯಾವ ಯಾವುದು ನಿಂತಿದೆ ಎಂದು ಮೊದಲು ಹುಡುಕಬೇಕಿತ್ತು. ಎಳೆ ಹಿಡಿದು ಹೊರಟರೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಬಟ್ಟೆ ಒಗೆಯುವ ವಿಭಾಗದ ಚೀಟಿ, ಅಡುಗೆಮನೆಗೆ ಹೋಗುವ ಪಥ್ಯದ ವಿವರ, ಪ್ರಯೋಗಾಲಯದ ವರದಿ. ನೆಲಮಾಳಿಗೆಯ ಯಾವುದೋ ಬೀಗ ಹಾಕಿದ ಕೋಣೆಯಲ್ಲಿ ಒಂದು ಪ್ರಿಂಟರ್ ಸಿಕ್ಕಿತು. ಯಾರೂ ಓದದ ವರದಿಯೊಂದನ್ನು ಅಚ್ಚು ಮಾಡುವುದಕ್ಕಾಗಿ ಕಾಗದ ಹಾಕಿ, ಕಾಗದ ಹಾಕಿ ಎಂದು ವರ್ಷಗಳಿಂದ ಬೇಡುತ್ತಾ ಕೂತಿತ್ತಂತೆ. ಪಟ್ಟಿಯನ್ನು ಮೊದಲ ಸಲ ಹೊಸದಕ್ಕೆ ಸಾಗಿಸಿದಾಗ ಹುಟ್ಟಿದ ತಾರೀಖುಗಳೆಲ್ಲ ಅಡಿಮೇಲಾಗಿ, ಹೆರಿಗೆ ವಾರ್ಡಿನ ಕೂಸುಗಳೆಲ್ಲ ನೂರು ದಾಟಿದ ಮುದುಕರಾದವು. ನಿಮ್ಮಪ್ಪ ಅದನ್ನು ಹೇಳಿ ನಕ್ಕರು, ನಾನೂ ನಕ್ಕೆ. ಹಾಗೆ ನಾವಿಬ್ಬರೂ ಸೇರಿ ನಕ್ಕದ್ದು ಅದೇ ಕೊನೆ ಇರಬೇಕು.

ಹೊಸ ಪ್ರೋಗ್ರಾಮು ಕಲಿಸಲು ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಒಳ್ಳೆಯ ಕೂಸು. ನನ್ನ ಕೈ ಹಿಡಿದು ಕೀಲಿಗಳ ಮೇಲೆ ಇಟ್ಟು, "ಇಲ್ಲಿ ಹೆಸರು ಟೈಪ್ ಮಾಡಿ ಮೇಡಂ" ಎಂದಳು. ಮಾಡಿದೆ. ನನ್ನ ಕಿವಿಯ ದನಿ "ಚಿತ್ರ" ಎಂದಿತು. ಇನ್ನೊಂದು ಕೀಲಿ ಒತ್ತಿದೆ. "ಚಿತ್ರ." ಕೆಳಗೆ ಹೋದರೂ ಚಿತ್ರ, ಮೇಲೆ ಬಂದರೂ ಚಿತ್ರ.

"ಯಾಕಮ್ಮಾ ಹೀಗೆ?"

"ಅದು... ಪ್ರೋಗ್ರಾಮ್ ಓಡೋದು ದೂರದ ಯಂತ್ರದಲ್ಲಿ ಮೇಡಂ. ಇಲ್ಲಿಗೆ ಅಕ್ಷರ ಬರಲ್ಲ, ಅಕ್ಷರದ ಫೋಟೋ ಬರುತ್ತೆ."

"ಹಾಗಾದ್ರೆ ಹಸಿದೋರಿಗೆ ಊಟದ ಫೋಟೋ ಕೊಟ್ಟು ಕೈ ತೊಳ್ಕೊಳ್ಳಿ ಅಂದ ಹಾಗಾಯ್ತು" ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ. ಅವಳ ಮೂಗು ಸುರ್ ಎಂದದ್ದು ನನಗೆ ಕೇಳಿಸಿತು. ಕಂಪನಿಗೆ ಬರೆದಳು, ಮೇಲಿನವರಿಗೆ ಫೋನ್ ಮಾಡಿದಳು. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಮುಂದಿನ ಆವೃತ್ತಿ ಯಾವಾಗ ಎಂದರೆ ಅವಳಿಗೂ ಗೊತ್ತಿರಲಿಲ್ಲ.

ನಾನು ಸೋಲೊಪ್ಪಲಿಲ್ಲ ಕಂದಾ. ಯಾವ ಕೀಲಿಯನ್ನು ಎಷ್ಟು ಸಲ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಬಾಯಿಪಾಠ ಮಾಡಿದೆ. ಮನೆಯಲ್ಲಿ ಮೇಜಿನ ಮೇಲೆ ಬರಿಬೆರಳಲ್ಲಿ ಬಡಿಯುತ್ತಾ ಕೂರುತ್ತಿದ್ದೆ. ಹೆಸರು ತುಂಬಿಸುವವರೆಗೆ ಹೇಗೋ ಹೋಗುತ್ತಿದ್ದೆ. ಆದರೆ ಬಂದ ಉತ್ತರವನ್ನು ನನಗೆ ಹೇಳುವವರು ಯಾರು? ನಡುವೆ ಏನೋ ಒಂದು ಕಿಟಕಿ ತಾನೇ ತೆರೆದುಕೊಂಡರಂತೂ ನಾನು ಎಲ್ಲಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ. ನನ್ನ ಕುರ್ಚಿಯಲ್ಲಿ ನಾನು ಕುರುಡಿಯಾದದ್ದು ಅದೇ ಮೊದಲು.

(ನಿಮ್ಮಪ್ಪ ಬಂದರು. ಉಳಿದದ್ದು ನಾಳೆ.)

ಸೋಮವಾರ

ಅವರು ಕೆಲಸಕ್ಕೆ ಹೋದರು. ಬರೆದದ್ದನ್ನು ಒಮ್ಮೆ ಓದಿಸಿಕೊಂಡು ಕೇಳಿದೆ, ರೈಲಿನ ಪ್ರಕಟಣೆಯ ಹಾಗೇ ಇದೆ. ಇರಲಿ, ನೀನು ನನ್ನ ದನಿ ಹಾಕಿಕೊಂಡು ಓದು.

ಹಳೆಯದನ್ನು ನಿಲ್ಲಿಸಿದ್ದು ಒಂದು ಭಾನುವಾರ ಮಧ್ಯಾಹ್ನ. ರೋಗಿಗಳ ಓಡಾಟ ಕಡಿಮೆ ಇರುವ ಹೊತ್ತು ಎಂದು ಆರಿಸಿದ್ದರು. ನಿಮ್ಮಪ್ಪ ಬೆಳಿಗ್ಗೆಯೇ ಹೋಗಿದ್ದರು, ನಾನು ಊಟ ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ. ಆ ಕೋಣೆ ನಿನಗೆ ಗೊತ್ತಲ್ಲ, ಬಾಗಿಲು ತೆಗೆದರೆ ಮುಖಕ್ಕೆ ತಣ್ಣನೆ ಗಾಳಿ, ಮೊರೆತ. ಸಾಗಿಸುವುದೆಲ್ಲ ಮುಗಿದಿತ್ತು. ಎರಡೂ ಕಡೆಯ ಪಟ್ಟಿ ತಾಳೆಯಾಗಿತ್ತು. ಹೊಸದು ಪಕ್ಕದಲ್ಲೇ ಓಡುತ್ತಿತ್ತಂತೆ, ಅದಕ್ಕೆ ಸದ್ದೇ ಇಲ್ಲ. ಹಳೆಯದಕ್ಕೆ ನಿಲ್ಲು ಎಂದು ಹೇಳುವ ಒಂದು ಸಾಲು ಟೈಪ್ ಮಾಡಿಟ್ಟಿದ್ದರು, ಎಂಟರ್ ಒತ್ತುವುದು ಬಾಕಿ. ಊಟದ ಡಬ್ಬಿ ಬಿಚ್ಚಿದೆ, ಅವರು ಮುಟ್ಟಲಿಲ್ಲ.

"ನೀನು ಒತ್ತುತ್ತೀಯೇನೇ?" ಎಂದರು. "ನನ್ನಷ್ಟೇ ನಿಂದೂ ಇದು."

ಅವರು ಪ್ರೀತಿಯಿಂದಲೇ ಕೇಳಿದ್ದು, ಈಗ ಅರ್ಥವಾಗುತ್ತದೆ. ಆಗ ನನಗೆ ಅಂಗಾಲಿಂದ ನೆತ್ತಿಗೆ ಉರಿ ಏರಿತು.

"ನನ್ನ ಕೈಲಿ ಒತ್ತಿಸಿ ನಿಮ್ಮ ಎದೆ ಹಗುರ ಮಾಡ್ಕೋಬೇಡಿ" ಎಂದೆ. "ನಿಮ್ಮ ಕೆಲಸ. ನೀವೇ ಮಾಡಿ."

ಕೀಲಿ ಟಕ್ ಎಂದಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಡಿಸ್ಕುಗಳ ಗುರುಗುರು ನಿಂತಿತು, ಫ್ಯಾನುಗಳು ಒಂದೊಂದಾಗಿ ಇಳಿದವು. ಅಷ್ಟು ವರ್ಷದ ಮೊರೆತ ನಿಂತಮೇಲೆ ಅದರ ಅಡಿಯಲ್ಲಿ ಗೋಡೆಯೊಳಗೆ ನೀರಿನ ಕೊಳವೆ ಹರಿಯುವ ಸದ್ದು ಇದ್ದದ್ದು ಗೊತ್ತಾಯಿತು. ನಿಮ್ಮಪ್ಪ ಮೂಗು ಒರೆಸಿಕೊಂಡರು. ನಾನು ಡಬ್ಬಿ ಮುಚ್ಚಿದೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರ ಮೊಣಕೈ ಹಿಡಿಯಲಿಲ್ಲ. ಚೀಲದಿಂದ ಮಡಚುಕೋಲು ತೆಗೆದು ಬಿಡಿಸಿಕೊಂಡು, ತಟ್ಟಿಕೊಂಡು ನಡೆದೆ. ಮದುವೆಯಾದಮೇಲೆ ಅವರು ಜೊತೆಗಿದ್ದಾಗ ನಾನು ಕೋಲು ಬಿಡಿಸಿದ್ದು ಅದೇ ಮೊದಲು. ಅವರು ಒಂದು ಹೆಜ್ಜೆ ಹಿಂದೆ ಬಂದರು. ರಸ್ತೆ ದಾಟುವಾಗ ಮಾತ್ರ "ನಿಲ್ಲು" ಎಂದರು, "ಈಗ ಬಾ" ಎಂದರು.

ಮಾರನೆಯ ದಿನದಿಂದ ಹೊಸದು. ನನ್ನ ಹೊಟ್ಟೆಗೆ ಕಲ್ಲು ಹಾಕುವ ಮನಸ್ಸು ಯಾರಿಗೂ ಇರಲಿಲ್ಲ, ಅದಂತೂ ನಿಜ. ಗಿರಗಿಟ್ಲೆ ತನ್ನ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗಿಸಿ ಹಾಕಿಕೊಂಡಳು. "ಅಕ್ಕಾ, ನೀವು ಮಾತಾಡಿ, ನಾನು ಓದಿ ಹೇಳ್ತೀನಿ. ನೀವು ಬಾಯಿ, ನಾನು ಕಣ್ಣು" ಎಂದಳು. ಹಾಗೇ ನಡೆಯಿತು ಕೆಲವು ವಾರ. ಅವಳ ಪಾಲಿನ ಫೋನು ಬಡಿದುಕೊಳ್ಳುತ್ತಿರುತ್ತಿತ್ತು, ಅವಳು ನನ್ನ ಪರದೆ ಓದುತ್ತಿರುತ್ತಿದ್ದಳು. ಸಾಲಿನಲ್ಲಿ ಕಾಯುವವರು ಹೆಚ್ಚಾದರು. ಮೊದಲು ನಾನು ಎರಡು ಕರೆ ಮುಗಿಸುತ್ತಿದ್ದ ಹೊತ್ತಿಗೆ ಈಗ ಇಬ್ಬರೂ ಸೇರಿ ಒಂದು. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ತಿರುಗಿ ಹೇಳಬಹುದಿತ್ತು.

ಸೂಪರಿಂಟೆಂಡೆಂಟ್ ಒಮ್ಮೆ ಕರೆಸಿ, ಕರೆ ಮಾಡಿದವರಿಗೆ ಮೊದಲು ಕೇಳಿಸುವ ಸ್ವಾಗತದ ಮಾತುಗಳನ್ನು ನನ್ನ ದನಿಯಲ್ಲಿ ಮುದ್ರಿಸಿಕೊಳ್ಳೋಣವೆ ಎಂದು ಕೇಳಿದರು. "ಜನಕ್ಕೆ ನಿಮ್ಮ ದನಿ ಅಭ್ಯಾಸವಾಗಿದೆ" ಎಂದರು. ಅವರದು ಒಳ್ಳೆಯ ಮನಸ್ಸೇ. "ಬೇಡ ಸಾರ್, ನಾನಿಲ್ಲದ ಕಡೆ ನನ್ನ ದನಿ ಕೂತಿರೋದು ಸರಿ ಕಾಣಲ್ಲ" ಎಂದೆ. ಆಗಿನ್ನೂ ನಾನು ಅಲ್ಲೇ ಇದ್ದೆ. ಆದರೂ ಬಾಯಿಗೆ ಹಾಗೇ ಬಂತು.

ಆಮೇಲೆ ಒಂದು ಮಂಗಳವಾರ ನಾನೇ ಎದ್ದು ಬಂದೆ. ಯಾರೂ ಎಬ್ಬಿಸಲಿಲ್ಲ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ, ನೇರವಾಗಿ ಕಚೇರಿಗೆ ಹೋಗಿ ಅವಧಿಗೆ ಮುಂಚೆ ನಿವೃತ್ತಿ ಬೇಕೆಂದು ಬರೆಸಿ ಹೆಬ್ಬೆರಳೊತ್ತದೆ ನನ್ನ ಸಹಿಯನ್ನೇ ಹಾಕಿದೆ, ನೀನೇ ಕಲಿಸಿದ ಆ ಡೊಂಕು ಸಹಿ. ಸಾಕು ಅನ್ನಿಸಿತು, ಅಷ್ಟೇ. ನಿಮ್ಮಪ್ಪನಿಗೆ ಸಂಜೆ ಗೊತ್ತಾಯಿತು. "ನನ್ನ ಮೇಲಿನ ಕೋಪಕ್ಕೆ ಕೆಲಸ ಬಿಡ್ತಾರೇನೇ?" ಎಂದರು. "ಹಾಗೇ ಅಂದ್ಕೊಳ್ಳಿ" ಎಂದೆ.

ಈಗ ಬೆಳಿಗ್ಗೆ ಹೊತ್ತು ಹೋಗುತ್ತದೆ, ಮಧ್ಯಾಹ್ನ ಹೋಗುವುದಿಲ್ಲ. ಫೋನು ಬಡಿದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಮೊನ್ನೆ ಯಾರೋ ತಪ್ಪಿ ನಮ್ಮ ಮನೆಗೆ ಫೋನ್ ಮಾಡಿದರು, ನಾನು "ವಿಚಾರಣೆ, ಹೇಳಿ" ಎಂದುಬಿಟ್ಟೆ. ಆ ಕಡೆಯವರು ಗಾಬರಿಯಾಗಿ ಇಟ್ಟರು. ಗಿರಗಿಟ್ಲೆ ರಜೆಯ ದಿನ ಬರುತ್ತಾಳೆ. ಬಂದು ಸುಮ್ಮನೆ ಕೂರುತ್ತಾಳೆ, ನಂಬುತ್ತೀಯಾ, ಸುಮ್ಮನೆ. ನಾನು ಅವಳ ತಲೆ ಬಾಚಿ ಕಳಿಸುತ್ತೇನೆ.

ನೀನು ಇದಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬೇಡ. ಅರ್ಧಕ್ಕೆ ಬಿಟ್ಟು ಓಡಿ ಬರುತ್ತೇನೆ ಎಂದರೆ ನಾನು ಬಾಗಿಲು ತೆಗೆಯುವುದಿಲ್ಲ. ನಿನ್ನ ಅಳತೆಗಳೆಲ್ಲ ಸರಿಬರಲಿ, ಅಲೆಗಳು ನಿನ್ನ ಹಡಗಿನ ಮೇಲೆ ಮುನಿಯದಿರಲಿ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಬರಲಿ. ನೂರು ಕಾಲ ಚೆನ್ನಾಗಿ ಬಾಳು ನನ್ನ ಬಂಗಾರ.

ನಿನ್ನನ್ನು ದಿನಾ ನೆನೆಯುವ,
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಮೇಲಿನ ಸಹಿ ಹಾಕಿದೆ. ಕಳಿಸುವ ಮುಂಚೆ ಕೈ ತಡೆಯಿತು. ಎಲ್ಲೋ ಒಂದು ಕಡೆ ಇಳಿಸಲೇಬೇಕು.

ನಾನು ಕುರ್ಚಿ ಬಿಟ್ಟದ್ದು ಕೋಪಕ್ಕಲ್ಲ. ಆ ಮಂಗಳವಾರ ಒಬ್ಬ ವಯಸ್ಸಾದ ಹೆಂಗಸಿನ ಕರೆ ಬಂತು. ಗಂಡನ ಹೆಸರು ಹೇಳಿದರು. ಹಿಂದಿನ ದಿನ ಸೇರಿಸಿದ್ದಂತೆ. "ಅವರಿಗೆ ಮನೆ ದಿಂಬಿಲ್ದೆ ನಿದ್ದೆ ಬರಲ್ಲಮ್ಮಾ, ತಂದುಕೊಟ್ರೆ ಒಳಗೆ ಬಿಡ್ತಾರಾ?" ಎಂದು ಕೇಳಿದರು. ಬಿಡುತ್ತಾರೆ, ಯಾವ ವಾರ್ಡು ನೋಡಿ ಹೇಳುತ್ತೇನೆ ಎಂದೆ. ಗಿರಗಿಟ್ಲೆಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವಳು ಅವಸರದಲ್ಲಿ ನನ್ನ ಪರದೆಯತ್ತ ಬಗ್ಗಿ, "ಸಿಕ್ತು ಅಕ್ಕಾ... ಅಯ್ಯೋ, ಇವರು ತೀರ್ಕೊಂಡಿದಾರೆ" ಎಂದಳು. ಅವಳ ಬಾಯಿ ನನ್ನ ಮೈಕಿನ ಪಕ್ಕದಲ್ಲೇ ಇತ್ತು.

ಆ ಕಡೆಯಿಂದ ಅವರು ಕೇಳಿದರು, "ಅದು ಯಾರಿಗೆ ಹೇಳಿದ್ದಮ್ಮಾ ಅವರು? ನಮ್ಮೋರಿಗಲ್ಲ ತಾನೇ?"

ಇಷ್ಟು ವರ್ಷ ಆ ಮಾತನ್ನು ದಾಟಿಸಿಕೊಂಡು ಬಂದ ನನ್ನ ಬಾಯಿಗೆ ಒಂದು ಅಕ್ಷರ ಬರಲಿಲ್ಲ ಕಂದಾ. ನಾನು ಸುಮ್ಮನಿದ್ದುದರಿಂದಲೇ ಅವರಿಗೆ ತಿಳಿದುಹೋಯಿತು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೊನೆಗೆ ಕೇಳಿದೆ. "ಯಾರೂ ಇಲ್ಲ. ನೀವು ಇಡ್ಬೇಡಿ. ಫೋನ್ ಇಡ್ಬೇಡಿ" ಎಂದರು. ಇಡಲಿಲ್ಲ. ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಅವರ ಪಕ್ಕದ ಮನೆಯವರು ಬಂದು ಫೋನು ತೆಗೆದುಕೊಳ್ಳುವವರೆಗೂ ಹಾಗೇ ಹಿಡಿದುಕೊಂಡಿದ್ದೆ. ಗಿರಗಿಟ್ಲೆ ನನ್ನ ಮೊಣಕಾಲಿಗೆ ಹಣೆ ಒತ್ತಿ ಅಳುತ್ತಿದ್ದಳು. ಅವಳ ತಪ್ಪೇನು? ಅವಳು ನನ್ನ ಕಣ್ಣಾಗಲು ಬಂದವಳು. ಅದಾದಮೇಲೆ ಆ ಕುರ್ಚಿಯಲ್ಲಿ ಇನ್ನೊಂದು ಕರೆ ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ.

ನಿಮ್ಮಪ್ಪನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಎಂಟರ್ ಒತ್ತಿದ ಆ ಬೆರಳನ್ನು ಅವರು ಬದುಕಿರುವವರೆಗೂ ಕ್ಷಮಿಸುವುದಿಲ್ಲ. ನಿನ್ನ ಉತ್ತರ ಓದುವವರು ಅವರೇ, ಅದಕ್ಕೇ ಹೇಳುತ್ತಿದ್ದೇನೆ, ಅದರಲ್ಲಿ ಇದರ ಮಾತೆತ್ತಬೇಡ. ನಾನು ಕೋಪಕ್ಕೆ ಬಿಟ್ಟೆ ಎಂದೇ ಅವರು ತಿಳಿದಿರಲಿ. ಕೋಪವಾದರೆ ಒಂದು ದಿನ ಇಳಿಯುತ್ತದೆ ಎಂದು ಕಾಯಬಹುದು. ಕಾಯುತ್ತಿದ್ದಾರೆ. ದಿನಾ ಸಂಜೆ ಬಂದವರು ಕೈಕಾಲು ತೊಳೆದು, ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತು, "ಇನ್ನೂ ಕೋಪಾನಾ?" ಎಂದು ಕೇಳುತ್ತಾರೆ. ನಾನು "ಹೂಂ" ಎನ್ನುತ್ತೇನೆ.